ಕಂದು ಹಾವಿನೊಳಗೆ ಮಲಗಿರುವ ಬಿಳಿ ಹಾವು

ಮೊದಲು ಕಾಣುವುದು ಒಂದು ಗೀರು. ಬೆರಳುದ್ದದ, ತೊಗಲಿನ ಚೀಲದಂತೆ ಮೆತ್ತಗಿರುವ ಮೊಟ್ಟೆಯ ಮೇಲೆ ಯಾರೋ ಬ್ಲೇಡಿನಿಂದ ಎಳೆದಂಥ ಸಣ್ಣ ಗೀರು. ಅದರಿಂದ ಒಂದು ಹನಿ ಲೋಳೆ ಜಿನುಗುತ್ತದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕಾದು ಕೂತವರ ಉಸಿರು ಬಿಗಿಯಾಗುತ್ತದೆ. ಒಂದು ಗೀರು ಎರಡಾಗುತ್ತದೆ, ಮೂರಾಗುತ್ತದೆ, ಸಿಪ್ಪೆಯ ಒಂದು ತುಣುಕು ಪುಟ್ಟ ಬಾಗಿಲಿನಂತೆ ಮಡಚಿಕೊಳ್ಳುತ್ತದೆ. ಆ ಬಾಗಿಲಲ್ಲಿ ಒಂದು ಮೂತಿ. ಹಾಲಿನ ಕೆನೆಯಂಥ ಬಿಳುಪು. ಮೂತಿಯ ಹಿಂದೆ, ದಾಳಿಂಬೆ ಕಾಳಿನಂತೆ ಒದ್ದೆಯಾಗಿ ಹೊಳೆಯುವ ಎರಡು ಕೆಂಪು ಕಣ್ಣು!

ಮರಿ ತಕ್ಷಣ ಹೊರಗೆ ಬರುವುದಿಲ್ಲ. ತಲೆಯನ್ನಷ್ಟೇ ಚಾಚಿ ಜಗತ್ತನ್ನು ನೋಡುತ್ತದೆ, ನಾಲಗೆಯಾಡಿಸುತ್ತದೆ, ಯಾರಾದರೂ ಕದಲಿದರೆ ಸರಕ್ಕನೆ ಒಳಗೆ ಜಾರಿಕೊಳ್ಳುತ್ತದೆ. ಹೊಟ್ಟೆಗೆ ಇನ್ನೂ ಸ್ವಲ್ಪ ಹಳದಿ ಭಂಡಾರ ಅಂಟಿಕೊಂಡಿರುತ್ತದೆ. ಅದನ್ನು ಪೂರ್ತಿ ಒಳಗೆಳೆದುಕೊಳ್ಳುವವರೆಗೆ, ಒಂದು ಹಗಲು ಒಂದು ರಾತ್ರಿಯೋ ಅದಕ್ಕಿಂತ ಹೆಚ್ಚೋ, ಮೊಟ್ಟೆಯೇ ಅದರ ಮನೆ. ಸಿಪ್ಪೆಯನ್ನು ಸೀಳಿದ್ದು ಅದರ ಮೇಲ್ದವಡೆಯ ತುದಿಯ ಒಂದೇ ಒಂದು ಚೂಪು ಹಲ್ಲು. ಬದುಕಿನಲ್ಲಿ ಒಮ್ಮೆ ಮಾತ್ರ ಬಳಸುವ ಆಯುಧ ಅದು. ಕೆಲಸ ಮುಗಿದ ಕೆಲವೇ ದಿನಗಳಲ್ಲಿ ತಾನಾಗಿ ಉದುರಿಹೋಗುತ್ತದೆ.

ಆ ಬಿಳಿ ಮರಿ ಒಂದು ಕೇರೆ ಹಾವಿನ ಮರಿ. ನಮ್ಮ ಗದ್ದೆಯ ಬದುವಿನಲ್ಲಿ, ಅಡಿಕೆ ತೋಟದ ಅಗಳದಲ್ಲಿ ಸರ್ರನೆ ಹರಿದು ಮರೆಯಾಗುವ ಕೇರೆಯ ಏಷ್ಯಾದ ದೂರದ ಬಂಧುಗಳಲ್ಲಿ ಒಂದು. ಅದು ಇರುವ ಊರು ಜಪಾನಿನ ಇವಾಕುನಿ. ಆ ಊರು, ಆ ಹಾವು ಮತ್ತು ಅದನ್ನು ಸಾಕಿ ಮರಿ ಮಾಡಿಸುವವರ ಜಾಡು ಹಿಡಿದು ಹೊರಟ ನನಗೆ ಒಂದಾದ ಮೇಲೊಂದು ಬಾಗಿಲು ತೆರೆಯುತ್ತ ಹೋಯಿತು. ಕೊನೆಯ ಬಾಗಿಲು ತೆರೆದದ್ದು ನನ್ನ ಅಜ್ಜಿಯ ಮನೆಯ ಅಂಗಳಕ್ಕೆ!

ಅಕ್ಕಿ, ಇಲಿ, ಹಾವು

ಹಿರೋಷಿಮಾದಿಂದ ನೈಋತ್ಯಕ್ಕೆ ಸುಮಾರು 40 ಕಿ.ಮೀ. ಹೋದರೆ ಯಾಮಾಗುಚಿ ಪ್ರಾಂತ್ಯದ ಇವಾಕುನಿ ಸಿಗುತ್ತದೆ. ಊರ ನಡುವೆ ನಿಶಿಕಿ ನದಿ. ನದಿಯ ಮೇಲೆ 1673ರಲ್ಲಿ ಮೊದಲು ಕಟ್ಟಿದ ಕಿಂತಾಯ್ ಸೇತುವೆ: ಐದು ಮರದ ಕಮಾನುಗಳು, ಹಾರುವ ಹಕ್ಕಿ ಐದು ಸಲ ನೀರು ಮುಟ್ಟಿ ಎದ್ದಂತೆ. 1950ರ ಚಂಡಮಾರುತದ ನೆರೆಯಲ್ಲಿ ಅದು ಕೊಚ್ಚಿಹೋಯಿತು. ಊರವರು 1953ರ ಹೊತ್ತಿಗೆ ಮೊದಲಿನಂತೆಯೇ ಮತ್ತೆ ಕಟ್ಟಿದರು. ಕಳೆದುಹೋದದ್ದನ್ನು ಹಾಗೇ ಬಿಡದ ಊರು ಅದು. ಈ ಗುಣವನ್ನು ನೆನಪಿಟ್ಟುಕೊಳ್ಳಿ.

1600ರ ಸೆಕಿಗಹಾರಾ ಯುದ್ಧದ ನಂತರ ಕಿಕ್ಕಾವಾ ಮನೆತನ ಇಲ್ಲಿ ನೆಲೆಯಾಯಿತು. ಆ ಕಾಲದ ಜಪಾನಿನಲ್ಲಿ ಸಂಪತ್ತನ್ನು ಅಳೆಯುತ್ತಿದ್ದದ್ದು ಅಕ್ಕಿಯಲ್ಲಿ. ಕಂದಾಯ ಅಕ್ಕಿ, ಸಂಬಳ ಅಕ್ಕಿ. ಸಂಸ್ಥಾನದ ಉಗ್ರಾಣಗಳಲ್ಲಿ ಅಕ್ಕಿ ರಾಶಿ ಬಿದ್ದಿತ್ತು. ಅಕ್ಕಿ ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಹಾವು. ಉಗ್ರಾಣದ ಅಡಿಪಾಯದ ಕಲ್ಲುಗಳ ಸಂದು, ಸುಣ್ಣ ಬಳಿಯದ ಕಲ್ಲುಗೋಡೆ, ನೀರಿನ ಕಾಲುವೆ: ಹಾವಿಗೆ ಇನ್ನೇನು ಬೇಕು?

ಹಾಗೆ ಬಂದದ್ದು ಜಪಾನಿಗೆ ಸೀಮಿತವಾದ ಕೇರೆ. ಅಲ್ಲಿಯವರು ಅದನ್ನು ಕರೆಯುವುದು ಅವೊದೈಶೊ ಎಂದು. ಹಸಿರು ದಂಡನಾಯಕ ಎಂದರ್ಥ! ವಿಷವಿಲ್ಲ. ಎರಡು ಮೀಟರಿನವರೆಗೆ ಬೆಳೆಯಬಲ್ಲದು. ಕಂದು-ಹಸಿರು ಮೈ. ಹೊಟ್ಟೆಯ ಹುರುಪೆಗಳ ಎರಡೂ ಅಂಚಿನಲ್ಲಿ ಏಣುಗಳಿರುವುದರಿಂದ ಮರದ ತೊಗಟೆಯನ್ನೂ ಒರಟು ಗೋಡೆಯನ್ನೂ ಹಿಡಿದು ನೆಟ್ಟಗೆ ಮೇಲೇರುತ್ತದೆ. 1826ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ ಹೈನ್ರಿಶ್ ಬೊಯೆ ಕೊಟ್ಟ ಹೆಸರಿನ ಅರ್ಥ 'ಏಣಿ ಹೊತ್ತದ್ದು'. ಮರಿಗಳ ಬೆನ್ನ ಮೇಲೆ ನಿಜಕ್ಕೂ ಏಣಿಯ ಮೆಟ್ಟಿಲಿನಂಥ ಪಟ್ಟೆಗಳಿರುತ್ತವೆ. ಇಲಿ ಮಾತ್ರವಲ್ಲ, ಹಕ್ಕಿಯ ಮೊಟ್ಟೆಯನ್ನೂ ಇಡಿಯಾಗಿ ನುಂಗುತ್ತದೆ. ಗಂಟಲಿನಾಚೆ, ಬೆನ್ನೆಲುಬಿನ ಮಣಿಗಳಿಂದ ಕೆಳಮುಖವಾಗಿ ಚಾಚಿದ ಮೂಳೆಯ ಮುಳ್ಳುಗಳು ಆ ಮೊಟ್ಟೆಯನ್ನು ಒಳಗೇ ಒಡೆಯುತ್ತವೆ. 1952ರಲ್ಲಿ ಕಾರ್ಲ್ ಗ್ಯಾನ್ಸ್ ಮತ್ತು ಒಶಿಮಾ ಎಂಬ ವಿಜ್ಞಾನಿಗಳು ಇದನ್ನು ವಿವರವಾಗಿ ಬರೆದಿಟ್ಟರು. ತನ್ನ ಬೆನ್ನೆಲುಬನ್ನೇ ಒನಕೆ ಮಾಡಿಕೊಂಡ ಪ್ರಾಣಿ!

ಇಂಥ ಹಾವುಗಳ ನಡುವೆ ಎಂದೋ ಒಂದು ಬಿಳಿ ಮರಿ ಹುಟ್ಟಿತು. ಜಪಾನಿನ ಬೇರೆ ಕಡೆಯೂ ಹುಟ್ಟಿರುತ್ತದೆ. ಆದರೆ ಬೇರೆ ಕಡೆ ಬಿಳಿ ಮರಿ ಬದುಕುವುದು ಕಷ್ಟ. ಹಸಿರು ಹುಲ್ಲಿನ ಮೇಲೆ ಬಿಳಿ ದಾರ ಬಿದ್ದಂತೆ ಕಾಣುವ ಅದು ಹದ್ದಿನ ಕಣ್ಣಿಗೆ, ಕಾಗೆಯ ಕಣ್ಣಿಗೆ, ಕಲ್ಲು ಹಿಡಿದ ಮನುಷ್ಯನ ಕಣ್ಣಿಗೆ ಬೀಳದೆ ಎಷ್ಟು ದಿನ ಉಳಿದೀತು? ಇವಾಕುನಿಯಲ್ಲಿ ಉಳಿಯಿತು. 1738ರಷ್ಟು ಹಿಂದೆಯೇ ಅಲ್ಲಿಯ ಬಿಳಿ ಹಾವಿನ ಉಲ್ಲೇಖ ಊರಿನ ದಾಖಲೆಯಲ್ಲಿದೆ. ಕಾಲ ಕಳೆದಂತೆ ಒಂದು ಎರಡಾಗಿ, ಎರಡು ಹತ್ತಾಗಿ, ಬಿಳಿ ಹಾವು ಊರಿನ ಗೋಡೆಗಳಲ್ಲಿ ಮಾಮೂಲಿ ನೆರೆಯವನಾಯಿತು. ಶಿರೊಹೆಬಿ ಎಂದು ಅದಕ್ಕೆ ಹೆಸರು. ಶಿರೊ ಎಂದರೆ ಬಿಳಿ, ಹೆಬಿ ಎಂದರೆ ಹಾವು.

ಯಾಕೆ ಉಳಿಯಿತು? ಯಾರೂ ಕಲ್ಲೆತ್ತಲಿಲ್ಲ. ಅಷ್ಟೇ! ಯಾಕೆ ಕಲ್ಲೆತ್ತಲಿಲ್ಲ ಎಂದು ಹುಡುಕಿದಾಗ ನಾನು ಕುಳಿತಲ್ಲೇ ನೆಟ್ಟಗಾದೆ. ಉತ್ತರ ನಮ್ಮ ಸರಸ್ವತಿ.

ವೀಣೆ ಬಿಟ್ಟು ಬಿವಾ ಹಿಡಿದವಳು

ಸುವರ್ಣಪ್ರಭಾಸ ಸೂತ್ರ ಎಂಬ ಬೌದ್ಧ ಗ್ರಂಥದ ಜೊತೆ ಸರಸ್ವತಿ ಚೀನಾಕ್ಕೆ ಹೋದಳು, ಅಲ್ಲಿಂದ ಸಮುದ್ರ ದಾಟಿ ಜಪಾನಿಗೆ ಬಂದಳು. ಅಲ್ಲಿ ಅವಳ ಹೆಸರು ಬೆಂಜೈತೆನ್. ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ. ನದಿಯ ದೇವತೆ ಎಂಬುದನ್ನು ಅವಳು ಅಲ್ಲಿಯೂ ಮರೆಯಲಿಲ್ಲ. ಅವಳ ಹೆಸರಾಂತ ಗುಡಿಗಳಿರುವುದು ದ್ವೀಪಗಳಲ್ಲಿ, ಕೆರೆ-ಕಡಲಿನ ಅಂಚಿನಲ್ಲಿ. ಜಪಾನಿನಲ್ಲಿ ಅವಳು ಉಗಾಜಿನ್ ಎಂಬ ಹಾವಿನ ಮೈಯ ಧಾನ್ಯದೇವತೆಯೊಡನೆ ಬೆರೆತಳು. ಅವಳ ಹೆಸರಿನಲ್ಲಿ 'ಪ್ರತಿಭೆ' ಎಂಬರ್ಥದ ಅಕ್ಷರವಿದ್ದ ಜಾಗಕ್ಕೆ ಅದೇ ಉಚ್ಚಾರದ, 'ಐಶ್ವರ್ಯ' ಎಂಬರ್ಥದ ಅಕ್ಷರ ಬಂದು ಕೂತಿತು. ಅಂದರೆ ಸರಸ್ವತಿಯೇ ಲಕ್ಷ್ಮಿಯ ಕೆಲಸವನ್ನೂ ವಹಿಸಿಕೊಂಡಳು! ಅವಳ ದೂತ ಯಾರು? ಬಿಳಿ ಹಾವು.

ಅಕ್ಕಿಯ ಉಗ್ರಾಣ ಕಾಯುವ ಹಾವು ಐಶ್ವರ್ಯದ ದೇವತೆಯ ದೂತನಾದದ್ದರಲ್ಲಿ ಎಷ್ಟು ಸರಳವಾದ ನ್ಯಾಯವಿದೆ ನೋಡಿ. ಇಲಿ ತಿಂದರೆ ಅಕ್ಕಿ ಉಳಿಯುತ್ತದೆ, ಅಕ್ಕಿ ಉಳಿದರೆ ಸಿರಿ. ಇಂದಿಗೂ ಎಷ್ಟೋ ಜಪಾನೀಯರು ಹಾವು ಕಳಚಿದ ಪೊರೆಯ ಚೂರನ್ನು ಪರ್ಸಿನಲ್ಲಿಟ್ಟುಕೊಳ್ಳುತ್ತಾರೆ, ದುಡ್ಡು ಬರಲೆಂದು.

ಇದನ್ನು ಓದುತ್ತಿದ್ದಾಗ ನನಗೆ ಶೃಂಗೇರಿ ನೆನಪಾಯಿತು. ಅಲ್ಲಿಯೂ ನದಿ, ಅಲ್ಲಿಯೂ ಶಾರದೆ, ಅಲ್ಲಿಯೂ ಹಾವು! ಸುಡುಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಟ್ಟಿತಂತೆ, ಅದನ್ನು ಕಂಡ ಶಂಕರರು ಇದೇ ಪೀಠಕ್ಕೆ ತಕ್ಕ ಜಾಗ ಎಂದರಂತೆ. ತುಂಗೆಯ ದಡದ ಕಪ್ಪೆ ಶಂಕರನ ಕಲ್ಲುಮಂಟಪ ಈ ಕತೆಯನ್ನು ಹೇಳುತ್ತಲೇ ಇದೆ. ತುಂಗೆಗೂ ನಿಶಿಕಿ ನದಿಗೂ ನಡುವೆ ಸಾವಿರಾರು ಮೈಲಿ. ಆದರೂ ಎರಡೂ ದಡದಲ್ಲಿ ಒಬ್ಬಳೇ ದೇವಿ, ಅವಳ ಪಕ್ಕದಲ್ಲಿ ಒಂದು ಹಾವು.

ಚಳಿಯನ್ನು ಸಾಕುವವರು

ಆದರೆ ನಂಬಿಕೆಗೂ ನೆಲ ಬೇಕು. 1871ರಲ್ಲಿ ಜಪಾನಿನ ಸಂಸ್ಥಾನಗಳು ರದ್ದಾದವು, ಅಕ್ಕಿಯ ಉಗ್ರಾಣಗಳ ಕಾಲ ಮುಗಿಯಿತು. ಕಲ್ಲುಗೋಡೆಗಳ ಜಾಗದಲ್ಲಿ ಸಿಮೆಂಟು ಬಂತು. ಸಂದುಗಳು ಮುಚ್ಚಿಹೋದವು. 1924ರಲ್ಲಿ ಸರ್ಕಾರ ಈ ಹಾವುಗಳ ನೆಲೆಗೆ ರಾಷ್ಟ್ರೀಯ ನೈಸರ್ಗಿಕ ಸ್ಮಾರಕದ ಪಟ್ಟ ಕೊಟ್ಟಿತು. ಹಾವು ನಕ್ಷೆ ಓದುವುದಿಲ್ಲವಲ್ಲ! ಗಡಿ ದಾಟಿದರೆ ರಕ್ಷಣೆಯಿಲ್ಲ. 1972ರಲ್ಲಿ ಜಾಗದ ಬದಲು ಹಾವಿಗೇ ಆ ಪಟ್ಟ ಬಂತು. ಅದೇ 1972ರಲ್ಲಿ ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು.

ಗೋಡೆಯಲ್ಲಿ ಉಳಿಯದ ಹಾವನ್ನು ಇನ್ನು ಗೂಡಿನಲ್ಲಿ ಉಳಿಸಬೇಕಾಯಿತು. ಹಾವನ್ನು ಸಾಕುವುದೆಂದರೆ ಏನು? ಡಬ್ಬಿ, ನೀರು, ಇಲಿ. ನಾನೂ ಹಾಗೇ ಅಂದುಕೊಂಡಿದ್ದೆ. ಎಂಥ ತಪ್ಪು!

ನಮಗೆ ಹಾವೆಂದರೆ ಬಿಸಿಲು. ಬೇಸಗೆಯ ಮಧ್ಯಾಹ್ನ, ಕಾದ ಬಂಡೆ. ಏಷ್ಯಾದ ಗುಡ್ಡಗಾಡಿನ ಕೇರೆಗಳ ವಿಷಯದಲ್ಲಿ ಈ ಎಣಿಕೆಯೇ ತಲೆಕೆಳಗು. ಚೀನಾ, ವಿಯೆಟ್ನಾಂ ಬೆಟ್ಟಗಳ ಮ್ಯಾಂಡರಿನ್ ಕೇರೆಯನ್ನು ನೋಡಿ: ಬೂದು ರೇಷ್ಮೆಯ ಮೇಲೆ ಕಪ್ಪು ವಜ್ರಾಕೃತಿಗಳು, ಪ್ರತಿ ವಜ್ರದ ಹೊಟ್ಟೆಯಲ್ಲಿ ಅರಿಶಿನದ ಬೊಟ್ಟು. ಇಳಕಲ್ ಸೀರೆ ನೇಯುವವರೂ ಒಮ್ಮೆ ಕೈ ನಿಲ್ಲಿಸಿ ನೋಡಬೇಕು. ಈ ಹಾವನ್ನು ಕಾಡಿನಿಂದ ಹಿಡಿದು ಯುರೋಪ್-ಅಮೆರಿಕಗಳಿಗೆ ಒಯ್ದಾಗ ಅವು ಸಾಲುಸಾಲಾಗಿ ಸತ್ತವು. ಸಾಗಾಟದ ಬಳಲಿಕೆ, ಹೊಟ್ಟೆಯ ಜಂತುಹುಳು, ಅವೆಲ್ಲದರ ಮೇಲೆ ಪ್ರೀತಿಯಿಂದ ಹಾಕಿದ ಬಿಸಿ ದೀಪ! 30 ಡಿಗ್ರಿ ದಾಟಿದ ಸೆಕೆ ಮಂಜಿನ ಬೆಟ್ಟದ ಹಾವಿಗೆ ಮಾರಕ. 20ರಿಂದ 25 ಡಿಗ್ರಿಯ ತಂಪು, ಒದ್ದೆ ಪಾಚಿ, ಅಡಗಲು ಕತ್ತಲೆಯ ಮೂಲೆ, ಚಿಕ್ಕ ಚಿಕ್ಕ ತುತ್ತು: ಇಷ್ಟು ಕೊಟ್ಟಾಗ, ಅದರಲ್ಲೂ ಸಾಕಣೆಯಲ್ಲೇ ಹುಟ್ಟಿದ ಮರಿಗಳಿಗೆ ಕೊಟ್ಟಾಗ, ಅವು ಅರಳಿದವು. ನಮ್ಮ ಅರುಣಾಚಲದ ಮಿಶ್ಮಿ ಬೆಟ್ಟದಿಂದ 1839ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕೆಂಪು ಕೇರೆಯದೂ ಇದೇ ಸ್ವಭಾವ.

ಒಂದೊಂದು ಕೇರೆಯೂ ಒಂದೊಂದು ಲೋಕ! ಉತ್ತರ ವಿಯೆಟ್ನಾಮಿನ ಮಳೆಕಾಡಿನಲ್ಲಿ ಮೂಗಿನ ತುದಿಗೆ ಹುರುಪೆಯ ಕೊಂಬು ಹೊತ್ತ ಖಡ್ಗಮೂತಿ ಕೇರೆಯಿದೆ. ಹುಟ್ಟುವಾಗ ಬೂದಿ ಬಣ್ಣ, ಬೆಳೆಯುತ್ತ ಎಳೆ ಬಾಳೆಯೆಲೆಯ ಹಸಿರು. 1897ರಲ್ಲಿ ಮೊಕಾರ್ ಎಂಬ ಫ್ರೆಂಚ್ ವಿಜ್ಞಾನಿ ಅದನ್ನು ವರ್ಣಿಸಿದ. ರಷ್ಯಾದ ತೂಲಾ ನಗರದ ಎಕ್ಸೊಟೇರಿಯಂ ಎಂಬ ಮೃಗಾಲಯದಲ್ಲಿ, ಲಂಡನ್ ಮೃಗಾಲಯದಲ್ಲಿ ಅದರ ಮರಿಗಳು ಹುಟ್ಟಿವೆ. ಮಲೇಷ್ಯಾದ ಬಾಟು ಗುಹೆಯ ಕತ್ತಲಲ್ಲಿ ಬಾವಲಿ ಹಿಡಿದು ತಿನ್ನುವ ಇನ್ನೊಂದು ಕೇರೆಯಿದೆ. ಅದೇ ಬೆಟ್ಟದಲ್ಲಿ ಮುರುಗನ ಗುಡಿ. ಸುಬ್ರಹ್ಮಣ್ಯನನ್ನು ನಾಗನ ರೂಪದಲ್ಲೇ ಪೂಜಿಸುವ ನಮಗೆ ಇದರಲ್ಲಿ ಆಶ್ಚರ್ಯಕ್ಕಿಂತ ಹೆಚ್ಚಾಗಿ ಒಂದು ಸಮಾಧಾನವಿದೆ.

ಇವನ್ನೆಲ್ಲ ಸಾಕಿದವರು ಕಂಡುಕೊಂಡ ದೊಡ್ಡ ಗುಟ್ಟು ಒಂದೇ. ಹಾವನ್ನು ಸಾಕಿದರೆ ಸಾಲದು, ಅದರ ಋತುವನ್ನು ಸಾಕಬೇಕು. ಬೆಟ್ಟವನ್ನು ಮನೆಗೆ ತರಲಾಗದು. ಬೆಟ್ಟದ ಚಳಿಗಾಲವನ್ನು ತರಬಹುದು!

ಮೂರು ತಿಂಗಳ ನಿದ್ದೆ, ಎರಡು ತಿಂಗಳ ಕಾವು

ಮಳೆ-ಚಳಿಯ ಲೆಕ್ಕ ಬಲ್ಲ ಜಪಾನಿ ಕೇರೆ ಇದಕ್ಕೆ ಒಳ್ಳೆಯ ಉದಾಹರಣೆ. ಶರದೃತು ಮುಗಿಯುತ್ತಿದ್ದಂತೆ ಸಾಕುವವರು ಆಹಾರ ನಿಲ್ಲಿಸುತ್ತಾರೆ. ಎರಡು-ಮೂರು ವಾರ ಉಪವಾಸ. ಕಾರಣ ಕೇಳಿದರೆ ಮೈ ಜುಮ್ಮೆನ್ನುತ್ತದೆ: ಹಾವಿನ ಹೊಟ್ಟೆಯಲ್ಲಿ ಇಲಿ ಕರಗಬೇಕಾದರೆ ಬಿಸಿ ಬೇಕು. ನುಂಗಿದ ಇಲಿಯೊಂದಿಗೆ ಹಾವು ಚಳಿಗೆ ಸೇರಿದರೆ ಆ ಇಲಿ ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ, ಹಾವು ಸಾಯುತ್ತದೆ. ಆದ್ದರಿಂದ ಕರುಳು ಖಾಲಿಯಾಗುವವರೆಗೆ ಕಾದು, ದಿನದಿನಕ್ಕೆ ತಂಪು ಹೆಚ್ಚಿಸಿ, ಸುಮಾರು 10 ಡಿಗ್ರಿಯ ಕತ್ತಲೆ ಕೋಣೆಗೆ ಅದನ್ನು ಇಳಿಸುತ್ತಾರೆ. ನೀರಿನ ಬಟ್ಟಲು ಮಾತ್ರ ಜೊತೆಗೆ. ಎರಡು-ಮೂರು ತಿಂಗಳು ಅಲ್ಲಿ ಸುರುಳಿ ಸುತ್ತಿ ಮಲಗುತ್ತದೆ. ಎದೆಬಡಿತ ನಿಧಾನ, ಉಸಿರು ನಿಧಾನ. ನೋಡಿದವರಿಗೆ ಏನೂ ನಡೆಯುತ್ತಿಲ್ಲ.

ಒಳಗೆ ಎಲ್ಲವೂ ನಡೆಯುತ್ತಿದೆ! ಚಳಿಯೇ ಅದರ ದೇಹದ ಪಂಚಾಂಗ. ಆ ಪಂಚಾಂಗ ಓದಿದ ಮೇಲೆಯೇ ಗಂಡಿನ ವೀರ್ಯ, ಹೆಣ್ಣಿನ ಅಂಡ ಒಂದೇ ಹೊತ್ತಿಗೆ ಸಿದ್ಧವಾಗುವುದು. ಬೆಚ್ಚಗೆ ಇಟ್ಟು, ಹೊಟ್ಟೆ ತುಂಬಿಸಿ, ವರ್ಷವಿಡೀ ಮುದ್ದು ಮಾಡಿದ ಹಾವು ಮೊಟ್ಟೆ ಇಡದೇ ಹೋಗಬಹುದು. ಮೂರು ತಿಂಗಳು ಚಳಿಯಲ್ಲಿ ಬಿಟ್ಟ ಹಾವು ವಸಂತದಲ್ಲಿ ತಾಯಿಯಾಗುತ್ತದೆ.

ವಸಂತ ಎಂದರೆ ಕೋಣೆಯ ಉಷ್ಣತೆ ಮೆಲ್ಲಗೆ ಏರುವುದು, ಹಗಲು ಉದ್ದವಾಗುವುದು. ಹಾವು ನಾಲಗೆ ಹೊರಚಾಚುತ್ತದೆ, ನೀರು ಕುಡಿಯುತ್ತದೆ, ಹಸಿದು ತಿನ್ನುತ್ತದೆ. ಕಣ್ಣು ಮೊಸರಿನ ಬಣ್ಣಕ್ಕೆ ತಿರುಗಿ, ತಿಳಿಯಾಗಿ, ಒಂದು ದಿನ ಪೊರೆ ಬಿಡುತ್ತದೆ. ಪೊರೆ ಕಳಚಿದ ಹೆಣ್ಣಿನ ಹೊಸ ಚರ್ಮದಿಂದ ಒಂದು ವಾಸನೆ ಹೊಮ್ಮುತ್ತದೆ. ನಮ್ಮ ಮೂಗಿಗೆ ಅದು ಇಲ್ಲವೇ ಇಲ್ಲ. ಗಂಡಿಗೆ ಅದು ಡಂಗುರ! ನಾಲಗೆಯ ಎರಡು ಕವಲಿನಲ್ಲಿ ಗಾಳಿಯ ಕಣಗಳನ್ನು ಹೆಕ್ಕಿ, ಅಂಗುಳಿನ ಮೇಲಿರುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸಿ, ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸಿ ಅವಳ ಜಾಡು ಹಿಡಿಯುತ್ತಾನೆ.

ಬೇಸಗೆಯಲ್ಲಿ ಹೆಣ್ಣಿನ ಮೈಯ ಹಿಂಭಾಗ ತುಂಬಿಕೊಳ್ಳುತ್ತದೆ. ಮೊಟ್ಟೆಯಿಡುವ ಮುನ್ನ ಅವಳು ಇನ್ನೊಮ್ಮೆ ಪೊರೆ ಬಿಡುತ್ತಾಳೆ. ಅನುಭವಿಗಳು ಆ ದಿನದಿಂದ ಬೆರಳು ಮಡಚಿ ಎಣಿಸುತ್ತಾರೆ. ಒದ್ದೆ ಪಾಚಿ ತುಂಬಿದ ಪೆಟ್ಟಿಗೆಯನ್ನು ಗೂಡಿನಲ್ಲಿಡುತ್ತಾರೆ. ಒಂದು ಬೆಳಿಗ್ಗೆ ಅದರೊಳಗೆ ಮೊಟ್ಟೆಗಳು! ನಾಲ್ಕೋ, ಹತ್ತೋ, ಹದಿನೈದೋ, ಒಂದಕ್ಕೊಂದು ಅಂಟಿಕೊಂಡು.

ಇಲ್ಲಿ ನನ್ನನ್ನು ಬಹಳ ಕಾಡಿದ್ದು ಒಂದು ಪೆನ್ಸಿಲ್ ಗುರುತು. ಮೊಟ್ಟೆಯನ್ನು ಎತ್ತುವ ಮೊದಲು ಅದರ ಮೇಲ್ಭಾಗದಲ್ಲಿ ಸಣ್ಣ ಗುರುತು ಹಾಕುತ್ತಾರೆ. ಕೋಳಿ ತನ್ನ ಮೊಟ್ಟೆಯನ್ನು ದಿನಕ್ಕೆ ಎಷ್ಟೋ ಸಲ ಹೊರಳಿಸುತ್ತದೆ, ಹೊರಳಿಸದಿದ್ದರೆ ಮರಿ ಆಗದು. ಹಾವಿನ ಮೊಟ್ಟೆಯನ್ನು ಹೊರಳಿಸಲೇಬಾರದು! ಭ್ರೂಣ ಮೇಲ್ಭಾಗದ ಸಿಪ್ಪೆಗೆ ಅಂಟಿಕೊಂಡು ಬೆಳೆಯುತ್ತದೆ. ತಲೆಕೆಳಗಾದರೆ ತನ್ನದೇ ಹಳದಿಯ ಭಾರಕ್ಕೆ ಸಿಕ್ಕಿ ಸಾಯಬಹುದು. ಒಂದು ಜೀವದ ಮೇಲೂ ಕೆಳಗೂ ಎಲ್ಲಿ ಎಂದು ಹೇಳುವುದು ಆ ಪೆನ್ಸಿಲ್ ಚುಕ್ಕೆ. ಆಮೇಲೆ ತೇವದ ವರ್ಮಿಕ್ಯುಲೈಟ್ ಹಾಸು, 27-28 ಡಿಗ್ರಿಯ ಕಾವು. ಮೊಟ್ಟೆ ಗಾಳಿಯ ತೇವ ಹೀರಿ ಉಬ್ಬುತ್ತದೆ. ಹೌದು, ಹಾವಿನ ಮೊಟ್ಟೆ ಇಟ್ಟ ಮೇಲೂ ದೊಡ್ಡದಾಗುತ್ತದೆ! ಸುಮಾರು ಎರಡು ತಿಂಗಳು. ಕೊನೆಯಲ್ಲಿ ಸಿಪ್ಪೆ ಸ್ವಲ್ಪ ಕುಸಿಯುತ್ತದೆ, ಬೆವರುತ್ತದೆ. ಆಮೇಲೆ ಆ ಗೀರು.

ಮರಿ ವಾರ-ಹತ್ತು ದಿನ ಏನೂ ತಿನ್ನುವುದಿಲ್ಲ. ಮೊದಲ ಪೊರೆ ಕಳಚಿದ ಮೇಲೆಯೇ ಮೊದಲ ಊಟ, ಕಣ್ಣು ಬಿಡದ ಇಲಿಮರಿ. ಆ ಮೊದಲ ಪೊರೆಯನ್ನು ಬೆಳಕಿಗೆ ಹಿಡಿದರೆ ಒಂದೊಂದು ಹುರುಪೆಯ ಅಚ್ಚೂ ಕಾಣುತ್ತದೆ, ಕಣ್ಣಿನ ಮೇಲಿನ ಪಾರದರ್ಶಕ ಮುಚ್ಚಳವೂ ಸೇರಿ. ಹಾವಿಗೆ ರೆಪ್ಪೆಯಿಲ್ಲ, ತನ್ನ ಕನ್ನಡಕವನ್ನೂ ಅದು ಪೊರೆಯೊಡನೆ ಬದಲಾಯಿಸುತ್ತದೆ!

ತಪ್ಪು ಜಾಗದ ಪೂರ್ಣವಿರಾಮ

ಇನ್ನು ಬಿಳುಪಿನ ಮಾತು. ಬಣ್ಣ ಮೆಲನಿನ್‌ನಿಂದ. ಮೆಲನಿನ್ ತಯಾರಾಗಲು ಟೈರೊಸಿನೇಸ್ ಎಂಬ ಕಿಣ್ವ ಬೇಕು. ಆ ಕಿಣ್ವವನ್ನು ಕಟ್ಟುವ ಪಾಠ ಜೀನಿನಲ್ಲಿ ಬರೆದಿದೆ. 2018ರಲ್ಲಿ ಜಪಾನಿನ ಸಂಶೋಧಕರು ಬಣ್ಣವಿಲ್ಲದ ಜಪಾನಿ ಕೇರೆಯ ಆ ಪಾಠವನ್ನು ಓದಿ ನೋಡಿದರು. ಮಧ್ಯದಲ್ಲೇ, ಇರಬಾರದ ಜಾಗದಲ್ಲಿ, 'ಇಲ್ಲಿಗೆ ನಿಲ್ಲಿಸು' ಎಂಬ ಸಂಕೇತ ಬಂದಿತ್ತು. ವಾಕ್ಯ ಮುಗಿಯುವ ಮೊದಲೇ ಬಿದ್ದ ಪೂರ್ಣವಿರಾಮ! ಕಿಣ್ವ ಅರ್ಧಕ್ಕೇ ನಿಂತಿತು, ಕಪ್ಪು ಬಣ್ಣ ಹುಟ್ಟಲಿಲ್ಲ, ಮೈ ಬಿಳಿಯಾಯಿತು. ಕಣ್ಣಲ್ಲೂ ಬಣ್ಣವಿಲ್ಲದ್ದರಿಂದ ಒಳಗಿನ ರಕ್ತನಾಳಗಳ ಕೆಂಪು ಹೊರಗೆ ಕಂಡಿತು. ಮಾಣಿಕ್ಯ ಎಂದು ಜನ ಕೈಮುಗಿದ ಆ ಕಣ್ಣು ನಿಜದಲ್ಲಿ ನೆತ್ತರಿನ ಹೊಳಪು. ಈಗ ನನಗೆ ಅದು ಇನ್ನೂ ಚಂದ ಕಾಣುತ್ತದೆ.

ನನ್ನನ್ನು ನಿಜಕ್ಕೂ ಅಲುಗಾಡಿಸಿದ್ದು ಇದರ ಮುಂದಿನ ಸಂಗತಿ. ಪ್ರತಿ ಹಾವಿಗೂ ಆ ಪಾಠದ ಎರಡು ಪ್ರತಿ ಸಿಗುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದರಲ್ಲಿ ತಪ್ಪಿದ್ದರೂ ಇನ್ನೊಂದು ಸರಿಯಿದ್ದರೆ ಸಾಕು, ಹಾವು ಕಂದು ಬಣ್ಣದ್ದೇ ಆಗುತ್ತದೆ. ಬಿಳಿಯಾಗಲು ಎರಡೂ ಪ್ರತಿಯಲ್ಲಿ ಆ ಪೂರ್ಣವಿರಾಮ ಇರಬೇಕು. ಬಿಳಿ ಹಾವನ್ನು ಅಚ್ಚ ಕಂದು ಹಾವಿನೊಡನೆ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ಕಂದು! ಬಿಳುಪು ಮಾಯ. ನೋಡಿದವರು ವಂಶವೇ ಮುಗಿಯಿತು ಎಂದುಕೊಳ್ಳಬೇಕು. ಆದರೆ ಆ ಕಂದು ಮರಿಗಳು ದೊಡ್ಡವಾಗಿ ತಮ್ಮಂಥವೇ ಇನ್ನೊಂದು ಕಂದು ಹಾವಿನೊಡನೆ ಕೂಡಿದಾಗ, ಸರಾಸರಿ ನಾಲ್ಕು ಮೊಟ್ಟೆಗೆ ಒಂದರಂತೆ ಕೆಂಪು ಕಣ್ಣು ಮತ್ತೆ ಇಣುಕುತ್ತದೆ. ಕಂದು ಹಾವು ಒಂದು ತಲೆಮಾರಿನ ಕಾಲ ಬಿಳಿ ಹಾವನ್ನು ತನ್ನೊಳಗೆ ಮಲಗಿಸಿ ಕಾಯ್ದಿತ್ತು!

ಲೆಕ್ಕ ಹಾಕಿ ನೋಡಿದೆ. 1908ರಲ್ಲಿ ಹಾರ್ಡಿ ಮತ್ತು ವೈನ್‌ಬರ್ಗ್ ಎಂಬಿಬ್ಬರು ಬೇರೆ ಬೇರೆಯಾಗಿ ಕಂಡುಕೊಂಡ ಸರಳ ಸೂತ್ರ ಅದಕ್ಕೆ ಸಾಕು. ಯಾವುದೋ ಕಾಡಿನಲ್ಲಿ 10,000 ಹಾವಿಗೆ ಒಂದು ಬಿಳಿ ಹುಟ್ಟುತ್ತದೆ ಎಂದುಕೊಳ್ಳಿ. ಹಾಗಾದರೆ ಬಿಳುಪನ್ನು ಒಳಗೆ ಹೊತ್ತ ಕಂದು ಹಾವುಗಳೆಷ್ಟು? ಹೆಚ್ಚು ಕಡಿಮೆ 50ಕ್ಕೆ ಒಂದು! ನಾವು ಕಂಡ ಒಂದು ಬಿಳಿ ಹಾವಿನ ಹಿಂದೆ, ಕಣ್ಣಿಗೆ ಬೀಳದಂತೆ ಸುಮಾರು 200 ಕಂದು ಹಾವುಗಳು ಆ ಬೆಳಕನ್ನು ಹೊತ್ತು ಓಡಾಡುತ್ತಿರುತ್ತವೆ.

ಬಿಳಿ ಹಾವನ್ನು ಮಾತ್ರ ಆರಿಸಿ, ಬಿಳಿಗೆ ಬಿಳಿಯನ್ನೇ ಕೂಡಿಸುತ್ತ ಹೋದರೆ ಬಣ್ಣ ಉಳಿದೀತು, ಕಸುವು ಉಳಿಯದು. ಕೆಲವೇ ಹಾವುಗಳ ನಡುವೆ ಮತ್ತೆ ಮತ್ತೆ ನಡೆಯುವ ರಕ್ತಸಂಬಂಧ ಯಾವ ಪ್ರಾಣಿಗೂ ಒಳ್ಳೆಯದಲ್ಲ. ಮೊಟ್ಟೆ ಪೊಳ್ಳಾಗುತ್ತವೆ, ಮರಿ ಸೊರಗುತ್ತವೆ. ಹೊಸ ರಕ್ತ ಬರಬೇಕಾದದ್ದು ಕಂದು ಹಾವಿನಿಂದಲೇ. ಬಿಳಿ ದೂತ ಉಳಿಯಬೇಕೆಂದರೆ ಯಾರೂ ಪೂಜಿಸದ, ಯಾರೂ ಫೋಟೊ ತೆಗೆಯದ ಕಂದು ಕೇರೆ ಗೋಡೆಯ ಸಂದಿನಲ್ಲಿ ನೆಮ್ಮದಿಯಾಗಿ ಬದುಕಬೇಕು.

ಇವಾಕುನಿಯಲ್ಲಿ 2012ರಲ್ಲಿ ಶಿರೊಹೆಬಿಗೆ ಒಂದು ಗುಡಿಯೇ ಬಂತು. 2016ರಲ್ಲಿ ಹಾವುಗಳನ್ನು ಹತ್ತಿರದಿಂದ ಕಾಣಬಹುದಾದ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಗಾಜಿನಾಚೆ ಕೊಂಬೆಗಳ ಮೇಲೆ, ಕಲ್ಲುಗಳ ನಡುವೆ ಬಿಳಿ ಹಾವುಗಳು ಸುರುಳಿ ಸುತ್ತಿ ಮಲಗಿರುತ್ತವೆ. 2025 ಜಪಾನಿನ ಪಂಚಾಂಗದಲ್ಲಿ ಹಾವಿನ ವರ್ಷವಾಗಿತ್ತು. ಸೇತುವೆ ಕೊಚ್ಚಿಹೋದಾಗ ಮತ್ತೆ ಕಟ್ಟಿದ ಊರು, ಗೋಡೆಯಿಂದ ಕರಗಿಹೋಗುತ್ತಿದ್ದ ಹಾವನ್ನೂ ಮೊಟ್ಟೆ ಮೊಟ್ಟೆಯಾಗಿ ಮತ್ತೆ ಕಟ್ಟುತ್ತಿದೆ.

ಅಜ್ಜಿಯ ಪಣತ

ಅಜ್ಜಿಯ ಮನೆಯಲ್ಲಿ ಭತ್ತ ತುಂಬುವ ಮರದ ಪಣತವಿತ್ತು. ಒಂದು ಮಳೆಗಾಲದ ಸಂಜೆ ಅದರ ಹಿಂದಿನಿಂದ ಉದ್ದನೆಯ ಹಾವು ಹರಿದು ಬಂದಾಗ ನಾನು ಕಿರುಚಿ ಜಗಲಿಗೆ ಹಾರಿದ್ದೆ. ಅಜ್ಜಿ ಅಡಿಗೆಮನೆಯಿಂದ ಇಣುಕಿ ನೋಡಿ, "ಅದು ಕೇರೆ ಕಣೋ. ನಮ್ಮ ಭತ್ತ ಕಾಯೋದೇ ಅದು. ಅದರ ಪಾಡಿಗೆ ಅದನ್ನ ಬಿಡು" ಎಂದು ಒಲೆಯ ಮುಂದೆ ಕೂತಿದ್ದಳು. ಬೆಂಜೈತೆನ್ ಹೆಸರನ್ನು ಅವಳು ಕೇಳಿರಲಿಲ್ಲ. ಅಕ್ಕಿ, ಇಲಿ, ಹಾವಿನ ಲೆಕ್ಕ ಮಾತ್ರ ಇವಾಕುನಿಯ ಉಗ್ರಾಣದವರಷ್ಟೇ ಅವಳಿಗೂ ಗೊತ್ತಿತ್ತು.

ನಮ್ಮ ಕೇರೆ ಜಪಾನಿನ ಕೇರೆಯ ಜಾತಿಯದಲ್ಲ, ಕುಲವೂ ಬೇರೆ. ಕೆಲಸ ಒಂದೇ. ಅದರ ಬಗ್ಗೆ ನಮ್ಮಲ್ಲಿರುವ ಕತೆಗಳೂ ಕಡಿಮೆಯಲ್ಲ; ಕೇರೆಯೂ ನಾಗರವೂ ಗಂಡಹೆಂಡಿರು ಎಂದು ನಂಬಿದವರು ಎಷ್ಟೋ ಮಂದಿ. ಎರಡು ಹಾವು ಹಗ್ಗದಂತೆ ಹೆಣೆದುಕೊಂಡು ಎದೆಮಟ್ಟಕ್ಕೆ ಏಳುವುದನ್ನು ನೋಡಿ ಸರಸ ಎಂದುಕೊಳ್ಳುತ್ತೇವೆ. ಅದು ಎರಡು ಗಂಡು ಕೇರೆಗಳ ಕುಸ್ತಿ! ಕಚ್ಚುವುದಿಲ್ಲ, ಕೊಲ್ಲುವುದಿಲ್ಲ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಿದರೆ ಮುಗಿಯಿತು, ಸೋತದ್ದು ಸುಮ್ಮನೆ ಹೊರಟುಹೋಗುತ್ತದೆ.

ಈ ಕೇರೆಯನ್ನು ನಾವು ಡಬ್ಬಿಯಲ್ಲಿ ಸಾಕಬೇಕಾಗಿಲ್ಲ, ಸಾಕಲೂಬಾರದು. ಅದನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಕೊಲ್ಲುವುದು ಮೂರೂ ನಮ್ಮ ಕಾಯಿದೆಯಲ್ಲಿ ಅಪರಾಧ. ಅದಕ್ಕೆ ಚಳಿಯ ಕೋಣೆ ಬೇಡ, ವರ್ಮಿಕ್ಯುಲೈಟ್ ಬೇಡ, ಪೆನ್ಸಿಲ್ ಗುರುತೂ ಬೇಡ. ಅದರ ಋತು ಇನ್ನೂ ಅದರ ಸುತ್ತಲೇ ಇದೆ. ಸಿಮೆಂಟು ಬಳಿಯದ ಒಂದು ಪಾಗಾರ, ಕಡಿಯದೆ ಬಿಟ್ಟ ಒಂದು ಪೊದೆ, ಕೈಗೆತ್ತಿಕೊಳ್ಳದ ಒಂದು ದೊಣ್ಣೆ, ಇಷ್ಟೇ ಅದರ ಬೇಡಿಕೆ.

ನಮ್ಮಲ್ಲೂ ಆಗೊಮ್ಮೆ ಈಗೊಮ್ಮೆ ಬಿಳಿ ಕೇರೆ ಕಂಡ ಸುದ್ದಿ ಬರುತ್ತದೆ. ಜನ ಸೇರುತ್ತಾರೆ, ಕೈಮುಗಿಯುತ್ತಾರೆ. ಅದು ಎಲ್ಲಿಂದ ಬಂತು ಎಂದು ಈಗ ನನಗೆ ಗೊತ್ತು. ಅಂಗಳ ದಾಟಿದ ಯಾವುದೋ ಎರಡು ಸಾಧಾರಣ ಕಂದು ಹಾವುಗಳ ಹೊಟ್ಟೆಯಿಂದ. ಅವು ದಾಟುವಾಗ ಯಾರೋ ದೊಣ್ಣೆ ಎತ್ತದೆ ನಿಂತಿದ್ದರು.

ಮೊನ್ನೆ ಊರಿಗೆ ಹೋದಾಗ ತೋಟದ ದಾರಿಯಲ್ಲಿ ಒಂದು ಕೇರೆ ಅಡ್ಡ ಬಂತು. ನಾನು ನಿಂತೆ. ಅದೂ ಒಂದು ಕ್ಷಣ ತಲೆಯೆತ್ತಿ ನಿಂತು, ನಾಲಗೆಯಾಡಿಸಿ, ಅಗಳಕ್ಕೆ ಇಳಿಯಿತು. ಮಣ್ಣಿನ ಬಣ್ಣ, ಕಪ್ಪು ಪಟ್ಟೆಯ ಬಾಲ, ಯಾವ ವಿಶೇಷವೂ ಇಲ್ಲ. ಅದರೊಳಗೆ ಏನು ಮಲಗಿದೆಯೋ! ಬಾಲದ ತುದಿ ಹುಲ್ಲಿನಲ್ಲಿ ಮರೆಯಾಗುವವರೆಗೆ ನಾನು ಉಸಿರು ಹಿಡಿದು ನಿಂತೇ ಇದ್ದೆ, ಅದರ ಪಾಡಿಗೆ ಅದನ್ನು ಬಿಟ್ಟು.